ಸಿ.ಡಿ.ಯಲ್ಲಿ ಉಳಿದ ಕನ್ನಡ ತಂತ್ರಾಂಶಗಳ ಮರುಸ್ಥಾಪನೆ: ಕೂಡ್ಲಿಗಿ ಸೀಮೆಯ ಸಂಶೋಧನ ಸಾಮಗ್ರಿಯ ಹಿನ್ನೆಲೆಯಲ್ಲಿ

1

ಕನ್ನಡ ಸಂಶೋಧನೆಯಲ್ಲಿ ಆಕರಗಳ ಸಂರಕ್ಷಣೆ ಎಂದೊಡನೆ ಓಲೆಗರಿ, ಕಡತ, ಶಾಸನಗಳ ಪಡಿಯಚ್ಚು ಮೊದಲಾದವು ನೆನಪಿಗೆ ಬರುತ್ತವೆ. 1990ರ ದಶಕದ ಕೊನೆಯಿಂದ ಸುಮಾರು ಹದಿನೈದು ವರ್ಷಗಳ ಅವಧಿಯಲ್ಲಿ ಸಿದ್ಧವಾದ ಆಕರಗಳು ಈ ಪಟ್ಟಿಯಲ್ಲಿ ಸೇರುವುದು ವಿರಳ. ಆ ಅವಧಿಯಲ್ಲಿ ಕ್ಷೇತ್ರಕಾರ್ಯದ ಬರಹ, ಪದಪಟ್ಟಿ, ಸಂದರ್ಶನಗಳ ಲಿಪ್ಯಂತರ, ಮಹಾಪ್ರಬಂಧಗಳು ಗಣಕಯಂತ್ರದಲ್ಲಿ ಬೆರಳಚ್ಚಾಗಿ ಸಿ.ಡಿ.ಗಳಲ್ಲಿ ಸಂಗ್ರಹಗೊಂಡವು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮಾವಳಿಯು ಪಿಎಚ್.ಡಿ. ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನೂ ಸಲ್ಲಿಸುವಂತೆ ವಿಧಿಸಿದ ಮೇಲೆ ಪ್ರಬಂಧದ ಹಿಂಬದಿಯ ರಟ್ಟಿಗೆ ಅಂಟಿಸಿದ ಲಕೋಟೆಯಲ್ಲಿ ಒಂದು ಸಿ.ಡಿ. ಇರುವುದು ವಾಡಿಕೆಯಾಯಿತು. ಇಂದು ಆ ಲಕೋಟೆಯನ್ನು ತೆರೆದರೆ ಸಿ.ಡಿ. ಇದೆ. ಅದನ್ನು ಹಾಕಲು ಹೊಸ ಗಣಕಯಂತ್ರದಲ್ಲಿ ಡ್ರೈವ್ ಇಲ್ಲ. ಡ್ರೈವ್ ದೊರೆತರೂ ಕಡತವನ್ನು ತೆರೆದಾಗ ಕಾಣುವುದು ಕನ್ನಡವಲ್ಲ, ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ರಾಶಿ.

ಈ ತೊಡಕು ಎಲ್ಲೆಡೆಯದಾದರೂ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳನ್ನು ಒಳಗೊಂಡ ಸೀಮೆಯಲ್ಲಿ ಅದಕ್ಕೆ ವಿಶೇಷವಾದ ಅರ್ಥವಿದೆ. 2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಈ ತಾಲೂಕುಗಳು 1991ರಲ್ಲಿ ಸ್ಥಾಪನೆಗೊಂಡ ಹಂಪಿ ಕನ್ನಡ ವಿಶ್ವವಿದ್ಯಾಲಯದ ನೆರೆಯಲ್ಲಿವೆ. ಕೂಡ್ಲಿಗಿ ಸುತ್ತಿನ ಮ್ಯಾಸಬೇಡರು ಹಾಗೂ ಕಾಡುಗೊಲ್ಲರ ಕಥನಗಳು, ಉಜ್ಜಿನಿ ಮತ್ತು ಕೊಟ್ಟೂರಿನ ಧಾರ್ಮಿಕ ಪರಂಪರೆಗಳು, ಹಡಗಲಿ ತಾಲೂಕಿನ ಮೈಲಾರದಲ್ಲಿ ಗೊರವಯ್ಯನು ವರ್ಷಕ್ಕೊಮ್ಮೆ ನುಡಿಯುವ ಕಾರಣಿಕ ಇವೆಲ್ಲ ಅಧ್ಯಯನದ ವಸ್ತುಗಳಾಗುತ್ತ ಬಂದಿವೆ.

ಇಲ್ಲಿ ಶಾಸನ ಮತ್ತು ಮೌಖಿಕ ಸಾಮಗ್ರಿಗಳ ಸ್ಥಿತಿಯನ್ನು ಬೇರೆಬೇರೆಯಾಗಿ ನೋಡಬೇಕು. ಬಳ್ಳಾರಿ ಜಿಲ್ಲೆಯು 1953ರ ಅಕ್ಟೋಬರ್ 1ರವರೆಗೆ ಮದರಾಸು ಆಡಳಿತದಲ್ಲಿದ್ದ ಕಾರಣ, ಹಳೆಯ ಮೈಸೂರು ಸೀಮೆಗೆ ಸೀಮಿತವಾದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಬಾಗಳಿಯ ಕಲ್ಲೇಶ್ವರ ದೇವಾಲಯದಂತಹ ನೆಲೆಗಳ ಶಾಸನಗಳು ಸೇರಿಲ್ಲ. ಆದರೂ 1939ರಲ್ಲಿ ಪ್ರಕಟವಾದ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಒಂಬತ್ತನೆಯ ಸಂಪುಟದ ಮೊದಲ ಭಾಗ, ಆ ಬಳಿಕ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟ ಇವುಗಳ ಮೂಲಕ ಅವು ಅಚ್ಚಿನಲ್ಲಿ ದೊರೆಯುತ್ತವೆ. ಗಣಕದ ಕಡತ ಹಾಳಾದರೂ ಮುದ್ರಿತ ಪಾಠ ಉಳಿಯುತ್ತದೆ. ಅದೂ ಇಲ್ಲವಾದರೆ ಕಲ್ಲಿನ ಬಳಿಗೆ ಹೋಗಬಹುದು. ಮೌಖಿಕ ಕಥನಗಳಿಗೆ ಈ ಅನುಕೂಲವಿಲ್ಲ. ಮಹಾಪ್ರಬಂಧದ ಅನುಬಂಧದಲ್ಲಿ ಅಚ್ಚಾಗುವುದು ಸಂಗ್ರಹಿಸಿದ ಪಾಠದ ಒಂದು ಅಂಶ ಮಾತ್ರ. ಉಳಿದದ್ದು ಸಂಗ್ರಾಹಕರ ಸಿ.ಡಿ.ಯಲ್ಲೇ ನಿಲ್ಲುತ್ತದೆ. ಹಾಡಿದವರು ಈಗ ಇಲ್ಲವಾಗಿದ್ದರೆ ಆ ಸಿ.ಡಿ.ಯೇ ಏಕೈಕ ಪ್ರತಿ.

ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಸಿ.ಡಿ.ಗಳು ಎದುರಾಗುತ್ತವೆ. ಒಂದು, ಪಾಠವಿರುವ ಸಿ.ಡಿ. ಇನ್ನೊಂದು, ಆ ಪಾಠವನ್ನು ಬೆರಳಚ್ಚಿಸಲು ಬಳಸಿದ ತಂತ್ರಾಂಶದ ಸಿ.ಡಿ. ಮೊದಲನೆಯದನ್ನು ಜೋಪಾನವಾಗಿಟ್ಟು ಎರಡನೆಯದನ್ನು ಹಳೆಯ ಗಣಕಯಂತ್ರದೊಡನೆ ಗುಜರಿಗೆ ಹಾಕಿರುವ ಉದಾಹರಣೆಗಳೇ ಹೆಚ್ಚು. ವಾಸ್ತವದಲ್ಲಿ ಎರಡನೆಯದು ಮೊದಲನೆಯದರ ಕೀಲಿ. ಪ್ರಸ್ತುತ ಲೇಖನವು ಆ ಕೀಲಿಯನ್ನು ಡ್ರೈವ್ ಇಲ್ಲದ ಗಣಕಯಂತ್ರದಲ್ಲಿ ಮತ್ತೆ ಬಳಕೆಗೆ ತರುವ ಕ್ರಮವನ್ನೂ ಅನಂತರ ಪಾಠವನ್ನು ಯೂನಿಕೋಡ್‌ಗೆ ತರುವಾಗ ವಹಿಸಬೇಕಾದ ಎಚ್ಚರವನ್ನೂ ವಿವರಿಸುತ್ತದೆ.

2

ತಂತ್ರಾಂಶವಿಲ್ಲದೆ ಪಾಠ ಏಕೆ ಓದಲು ಬಾರದು ಎಂಬುದಕ್ಕೆ ಕನ್ನಡ ಲಿಪಿಯನ್ನು ಗಣಕಕ್ಕೆ ಅಳವಡಿಸಿದ ರೀತಿಯೇ ಕಾರಣ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿತ್ತು. ಆದರೆ ವಿಂಡೋಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಕನ್ನಡ ಯೂನಿಕೋಡ್ ಬಳಕೆಗೆ ಬಂದದ್ದು 2001ರ ಎಕ್ಸ್‌ಪಿ ಆವೃತ್ತಿಯಿಂದ. ತುಂಗಾ ಫಾಂಟ್ ಅದರೊಡನೆ ಬಂದಿತು. ಪುಟವಿನ್ಯಾಸಕ್ಕೆ ಬಳಸುತ್ತಿದ್ದ ಪೇಜ್‌ಮೇಕರ್ ಕೊನೆಯವರೆಗೂ ಇದಕ್ಕೆ ಒಗ್ಗಲಿಲ್ಲ. ಹೀಗಾಗಿ ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಸಂಸ್ಥೆಯ ಶ್ರೀಲಿಪಿ, ಬೆಂಗಳೂರಿನ ಸೈಬರ್‌ಸ್ಕೇಪ್ ಸಂಸ್ಥೆಯ ಆಕೃತಿ, ಸೊನಾಟಾದ ಪ್ರಕಾಶಕ್, ಸಿ-ಡ್ಯಾಕ್‌ನ ಐ.ಎಸ್.ಎಂ., 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಇವೆಲ್ಲ ಫಾಂಟ್ ಆಧಾರಿತ ಮಾರ್ಗವನ್ನೇ ಹಿಡಿದವು. ಹಂಪಿ ಕನ್ನಡ ವಿಶ್ವವಿದ್ಯಾಲಯವೂ ಕುವೆಂಪು ಕನ್ನಡ ತಂತ್ರಾಂಶವನ್ನು ಹೊರತಂದುದನ್ನು ಇಲ್ಲಿ ನೆನೆಯಬೇಕು.

ಈ ಮಾರ್ಗದಲ್ಲಿ ಕಡತವು ಅಕ್ಷರವನ್ನಲ್ಲ, ಅಕ್ಷರದ ತುಂಡುಗಳ ಆಕಾರವನ್ನು ನೆನಪಿಡುತ್ತದೆ. ರೋಮನ್ ಲಿಪಿಗೆ ಮೀಸಲಾದ ಸುಮಾರು ಇನ್ನೂರು ಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಒತ್ತು, ದೀರ್ಘ ಮೊದಲಾದ ಆಕಾರಗಳನ್ನು ಕೂರಿಸಲಾಗುತ್ತದೆ. ಯಾವ ಆಕಾರ ಯಾವ ಸ್ಥಾನದಲ್ಲಿ ಎಂಬುದು ಆಯಾ ಫಾಂಟ್ ತಯಾರಕರ ನಿರ್ಧಾರ. ಶ್ರೀಲಿಪಿಯ ಪಾಠಕ್ಕೆ ನುಡಿಯ ಫಾಂಟ್ ಹಾಕಿದರೆ ಅದು ಓದಲು ಬಾರದ ಅಕ್ಷರಗಳ ಗೊಂದಲವಾಗುತ್ತದೆ. ಇನ್ನೊಂದು ಅಂಶವೆಂದರೆ ಅಕ್ಷರಗಳ ಕ್ರಮ. ‘ಕಾರ್ಯ’ ಎಂಬ ಪದದಲ್ಲಿ ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸಿ ಕಾ, ರ್, ಯ ಎಂದು ದಾಖಲಿಸುತ್ತದೆ. ಹಳೆಯ ಕಡತ ಕಣ್ಣಿಗೆ ಕಾಣುವ ಕ್ರಮದಲ್ಲಿ ಕಾ, ಯ, ಕೊನೆಗೆ ಅರ್ಕಾವೊತ್ತು ಎಂದು ದಾಖಲಿಸುತ್ತದೆ. ಆದುದರಿಂದ ಫಾಂಟ್ ಹಾಗೂ ಅದರ ಸಂಕೇತಪಟ್ಟಿ ಕೈತಪ್ಪಿದರೆ ಪಾಠ ಕೈಯಲ್ಲಿದ್ದೂ ಇಲ್ಲದಂತೆ. ಶೋಧಗಂಗಾದಲ್ಲಿರುವ ಆ ಕಾಲದ ಎಷ್ಟೋ ಕನ್ನಡ ಪ್ರಬಂಧಗಳ ಪಿ.ಡಿ.ಎಫ್. ಪ್ರತಿಗಳನ್ನು ಕಣ್ಣಿನಿಂದ ಓದಬಹುದು, ಆದರೆ ಅವುಗಳೊಳಗೆ ಒಂದು ಪದವನ್ನು ಹುಡುಕಲಾಗದು. ಅದಕ್ಕೂ ಇದೇ ಕಾರಣ.

3

ಸಿ.ಡಿ.ಯಿಂದ ತಂತ್ರಾಂಶವನ್ನು ಪಡೆಯುವ ಕೆಲಸಕ್ಕೆ ಒಂದು ಬಾರಿಯಾದರೂ ಡ್ರೈವ್ ಬೇಕು. ಆ ಡ್ರೈವ್ ತಂತ್ರಾಂಶವನ್ನು ಸ್ಥಾಪಿಸಬೇಕಾದ ಯಂತ್ರದಲ್ಲೇ ಇರಬೇಕಾಗಿಲ್ಲ ಎಂಬುದು ಮುಖ್ಯ. ಯು.ಎಸ್.ಬಿ. ಮೂಲಕ ಜೋಡಿಸುವ ಹೊರ ಡಿ.ವಿ.ಡಿ. ಡ್ರೈವ್ ಇಂದಿಗೂ ದೊರೆಯುತ್ತದೆ. ಒಂದು ವಿಭಾಗಕ್ಕೆ ಅಥವಾ ನಾಲ್ಕಾರು ಕಾಲೇಜುಗಳಿಗೆ ಒಂದಿದ್ದರೆ ಸಾಕು. ಅದಿಲ್ಲದಿದ್ದಲ್ಲಿ ಮೂಲೆಯಲ್ಲಿ ಬಿದ್ದಿರುವ ಹಳೆಯ ಗಣಕಯಂತ್ರವನ್ನು ಒಮ್ಮೆ ಚಾಲೂ ಮಾಡಿ ನೋಡುವುದು ಲೇಸು. ಅದರಲ್ಲಿ ಡ್ರೈವ್ ಇರುವುದಲ್ಲದೆ ಬಹಳ ಸಲ ಬೇಕಾದ ತಂತ್ರಾಂಶವೂ ಫಾಂಟ್‌ಗಳೂ ಸ್ಥಾಪಿತವಾಗಿಯೇ ಇರುತ್ತವೆ. ಅಂತಹ ಯಂತ್ರವನ್ನು ವಿಲೇವಾರಿ ಮಾಡುವ ಮುನ್ನ ಅದರ ಫಾಂಟ್ ಕಡತಕೋಶವನ್ನಾದರೂ ನಕಲಿಸಿಕೊಳ್ಳಬೇಕು. ಹಲವು ವರ್ಷ ಮುಟ್ಟದ ಯಂತ್ರದಿಂದ ಪೆನ್‌ಡ್ರೈವ್‌ಗೆ ವೈರಸ್ ಅಂಟುವ ಸಂಭವವಿರುವುದರಿಂದ ಆ ಪೆನ್‌ಡ್ರೈವನ್ನು ಮೊದಲು ಪರೀಕ್ಷಿಸುವುದು ಅವಶ್ಯ.

ಸಿ.ಡಿ.ಯಲ್ಲಿರುವ ಕಡತಗಳನ್ನು ಪೆನ್‌ಡ್ರೈವ್‌ಗೆ ಎಳೆದುಹಾಕಿಕೊಂಡು ಅಲ್ಲಿಂದ ಸೆಟಪ್ ಕಡತವನ್ನು ಚಾಲನೆಗೊಳಿಸುವುದು ಎಲ್ಲರಿಗೂ ತೋಚುವ ದಾರಿ. ಕೆಲವು ಸಲ ಅದು ಫಲಿಸುತ್ತದೆ. ಆದರೆ ಹಳೆಯ ಸ್ಥಾಪಕ ಕಡತಗಳಲ್ಲಿ ಕೆಲವು ತಾವು ಸಿ.ಡಿ. ಡ್ರೈವ್‌ನಲ್ಲೇ ಇದ್ದೇವೆಯೇ, ಸಿ.ಡಿ.ಗೆ ಇಟ್ಟ ಹೆಸರು ಸರಿಯಿದೆಯೇ ಎಂದು ಪರೀಕ್ಷಿಸುತ್ತವೆ, ಹೊಂದದಿದ್ದರೆ ನಿಂತುಬಿಡುತ್ತವೆ. ಮರೆಯಲ್ಲಿರುವ ಕಡತಗಳು ನಕಲಾಗದೆ ಉಳಿಯುವುದೂ ಉಂಟು. ಆದಕಾರಣ ಇಡೀ ಸಿ.ಡಿ.ಯನ್ನು ಒಂದೇ ಕಡತವಾಗಿ, ಐ.ಎಸ್.ಓ. ಎಂಬ ಕೊನೆಯ ಹೆಸರಿನಿಂದ, ಪಡೆದುಕೊಳ್ಳುವ ಕ್ರಮವನ್ನು ಅನುಸರಿಸುವುದು ಸೂಕ್ತ. ಸಿ.ಡಿ.ಗಳ ಕಡತ ವ್ಯವಸ್ಥೆಗೆ 1988ರಲ್ಲಿ ರೂಪಿಸಿದ ಐ.ಎಸ್.ಓ. 9660 ಎಂಬ ಅಂತಾರಾಷ್ಟ್ರೀಯ ಶಿಷ್ಟತೆಯಿಂದ ಈ ಹೆಸರು ಬಂದಿದೆ. ಶಾಸನತಜ್ಞರಿಗೆ ಇದರ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ. ಕಡತಗಳನ್ನು ಎಳೆದುಹಾಕಿಕೊಳ್ಳುವುದು ಶಾಸನದ ಕೈಪ್ರತಿ ಮಾಡಿದಂತೆ, ಐ.ಎಸ್.ಓ. ಕಡತ ಮಾಡುವುದು ಪಡಿಯಚ್ಚು ತೆಗೆದಂತೆ. ಎರಡನೆಯದರಲ್ಲಿ ನಕಲಿಸುವವರ ಆಯ್ಕೆಗೆ ಅವಕಾಶವಿಲ್ಲ.

ಐ.ಎಸ್.ಓ. ಕಡತ ಮಾಡುವ ಉಚಿತ ಉಪಕರಣಗಳು ವಿಂಡೋಸ್‌ಗೂ ಲಿನಕ್ಸ್‌ಗೂ ಸಾಕಷ್ಟಿವೆ. ಸಿ.ಡಿ.ಯಲ್ಲಿ ಗೀರುಗಳಿದ್ದರೆ ಓದುವ ವೇಗವನ್ನು ತಗ್ಗಿಸುವುದು, ಬೇರೆ ಡ್ರೈವ್‌ನಲ್ಲಿ ಹಾಕಿ ನೋಡುವುದು ಮೊದಲ ಉಪಾಯಗಳು. ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ಉಪಕರಣ ಓದಲು ಬಂದಷ್ಟನ್ನು ಮೊದಲು ಪಡೆದು, ಬಾರದ ಭಾಗಗಳಿಗೆ ಮತ್ತೆ ಮತ್ತೆ ಮರಳುತ್ತದೆ. ಸಿ.ಡಿ.ಯ ಹೊಳೆಯುವ ಮೈಗಿಂತ ಹೆಸರು ಬರೆದ ಮೇಲ್ಮೈ ಹೆಚ್ಚು ನಾಜೂಕಾದುದು ಎಂಬ ಸಂಗತಿ ಅನೇಕರ ಗಮನದಲ್ಲಿಲ್ಲ. ಪ್ರತಿಫಲಿಸುವ ಪದರ ಆ ಕಡೆ ತೆಳುವಾದ ಅರಗಿನ ಲೇಪದ ಕೆಳಗಷ್ಟೇ ಇರುತ್ತದೆ. ಬಾಲ್‌ಪೆನ್ನಿನಿಂದ ಒತ್ತಿ ಶೀರ್ಷಿಕೆ ಬರೆದ ಸಿ.ಡಿ.ಗಳು ಹಾಳಾಗುವುದು ಹೀಗೆ. ಕಂಪನಿಯಲ್ಲಿ ಅಚ್ಚೊತ್ತಿದ ತಂತ್ರಾಂಶದ ಸಿ.ಡಿ.ಗಳಿಗಿಂತ ನಾವೇ ಬರೆದುಕೊಳ್ಳುವ ಸಿ.ಡಿ.ಗಳು ಬೇಗ ಕೆಡುತ್ತವೆ. ಅವುಗಳಲ್ಲಿರುವ ಬಣ್ಣದ ಪದರಕ್ಕೆ ಬಿಸಿಲು ಮತ್ತು ಕಾವು ಶತ್ರುಗಳು. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಕಿಟಕಿಯ ಪಕ್ಕದ ಕಪಾಟಿನಲ್ಲಿಟ್ಟ ಸಿ.ಡಿ.ಗಳ ವಿಷಯದಲ್ಲಿ ಇನ್ನು ತಡಮಾಡುವಂತಿಲ್ಲ. ಪಾಠದ ಸಿ.ಡಿ.ಗೂ ತಂತ್ರಾಂಶದ ಸಿ.ಡಿ.ಗೂ ಪಡಿಯಚ್ಚು ತೆಗೆಯಬೇಕು. ಆದ್ಯತೆ ಪಾಠದ್ದಕ್ಕೆ.

ಐ.ಎಸ್.ಓ. ಕಡತ ಸಿದ್ಧವಾದ ಮೇಲೆ ಅದನ್ನು ಪೆನ್‌ಡ್ರೈವ್‌ನಲ್ಲೋ ಕಾಲೇಜಿನ ಒಳಜಾಲದಲ್ಲೋ ಹೊಸ ಯಂತ್ರಕ್ಕೆ ಸಾಗಿಸಬಹುದು. ಸಿ.ಡಿ.ಯ ಗಾತ್ರ 700 ಮೆಗಾಬೈಟ್ ಮೀರದ ಕಾರಣ ತೊಂದರೆಯಾಗದು. ತುಂಬಿದ ಡಿ.ವಿ.ಡಿ.ಯಾದರೆ 4 ಗಿಗಾಬೈಟ್‌ಗಿಂತ ದೊಡ್ಡ ಕಡತವನ್ನು ಫ್ಯಾಟ್32 ವಿನ್ಯಾಸದ ಪೆನ್‌ಡ್ರೈವ್ ಸ್ವೀಕರಿಸುವುದಿಲ್ಲ; ಅದನ್ನು ಮೊದಲು ಬೇರೆ ವಿನ್ಯಾಸಕ್ಕೆ ಬದಲಿಸಿಕೊಳ್ಳಬೇಕು. 2012ರ ವಿಂಡೋಸ್ 8ರಿಂದ ಈಚಿನ ಎಲ್ಲ ಆವೃತ್ತಿಗಳಲ್ಲೂ ಐ.ಎಸ್.ಓ. ಕಡತದ ಮೇಲೆ ಎರಡು ಬಾರಿ ಒತ್ತಿದರೆ ಯಂತ್ರದಲ್ಲಿ ಹೊಸದೊಂದು ಡ್ರೈವ್ ಕಾಣಿಸಿಕೊಳ್ಳುತ್ತದೆ. ಸಿ.ಡಿ. ಹಾಕಿದಾಗ ಆಗುವುದೆಲ್ಲ ಅಲ್ಲಿ ಆಗುತ್ತದೆ. ಅದರೊಳಗಿನ ಸೆಟಪ್ ಕಡತವನ್ನು ಚಾಲನೆಗೊಳಿಸಿದರೆ ಸ್ಥಾಪಕ ಕಡತವು ಅದನ್ನು ನಿಜವಾದ ಸಿ.ಡಿ. ಎಂದೇ ಭಾವಿಸುತ್ತದೆ.

ಇಷ್ಟರಿಂದಲೇ ಕೆಲಸ ಮುಗಿಯುವುದುಂಟು. ಮುಗಿಯದಿದ್ದಾಗ ಮೂರು ಅಡ್ಡಿಗಳಲ್ಲಿ ಒಂದು ಇರುತ್ತದೆ.

1990ರ ದಶಕದ ಅನೇಕ ತಂತ್ರಾಂಶಗಳ ಸ್ಥಾಪಕ ಕಡತಗಳು 16 ಬಿಟ್‌ನವು. 64 ಬಿಟ್‌ನ ವಿಂಡೋಸ್ ಅವನ್ನು ನಡೆಸುವುದಿಲ್ಲ. ವಿಂಡೋಸ್ 10ರವರೆಗೆ 32 ಬಿಟ್ ಆವೃತ್ತಿ ದೊರೆಯುತ್ತಿತ್ತು. 2021ರ ವಿಂಡೋಸ್ 11ರಲ್ಲಿ ಅದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರಿನಲ್ಲಿ ಕೊನೆಗೊಂಡಿರುವುದರಿಂದ ಕಾಲೇಜುಗಳಲ್ಲಿ ಯಂತ್ರಗಳು ಬದಲಾಗುತ್ತಿರುವ ಈ ಹೊತ್ತಿನಲ್ಲೇ ಅಡ್ಡಿ ಬಿಗಿಯಾಗುತ್ತಿದೆ. ಇದಕ್ಕೆ ಪರಿಹಾರ ಯಂತ್ರದೊಳಗಿನ ಯಂತ್ರ. ವರ್ಚುವಲ್‌ಬಾಕ್ಸ್‌ನಂತಹ ಉಚಿತ ತಂತ್ರಾಂಶವನ್ನು ಹೊಸ ಗಣಕದಲ್ಲಿ ಹಾಕಿ, ಅದರೊಳಗೆ ಪರವಾನಗಿಯುಳ್ಳ ಹಳೆಯ ವಿಂಡೋಸನ್ನು ಸ್ಥಾಪಿಸಿದರೆ, ಆ ಒಳಯಂತ್ರಕ್ಕೆ ಐ.ಎಸ್.ಓ. ಕಡತವನ್ನೇ ಸಿ.ಡಿ. ಡ್ರೈವ್ ಆಗಿ ಜೋಡಿಸಬಹುದು. ವಿಂಡೋಸ್ ಎಕ್ಸ್‌ಪಿಗೆ ಭದ್ರತಾ ಪರಿಷ್ಕರಣೆಗಳು 2014ರ ಏಪ್ರಿಲ್‌ನಲ್ಲಿ ನಿಂತಿರುವುದರಿಂದ ಆ ಒಳಯಂತ್ರಕ್ಕೆ ಅಂತರ್ಜಾಲದ ಸಂಪರ್ಕ ಕೊಡಬಾರದು.

ಎರಡನೆಯ ಅಡ್ಡಿ ಬೀಗ. ಹಣ ಕೊಟ್ಟು ಪಡೆದ ಕೆಲವು ಪ್ರಕಾಶನ ತಂತ್ರಾಂಶಗಳು ಗಣಕದ ಹಿಂಬದಿಗೆ ಸಿಕ್ಕಿಸುವ ಚಿಕ್ಕ ಯಂತ್ರಾಂಶದ ಬೀಗವಿಲ್ಲದೆ ತೆರೆಯುತ್ತಿರಲಿಲ್ಲ. ಆರಂಭದ ಬೀಗಗಳು ಪ್ರಿಂಟರಿನ ಪೋರ್ಟಿಗೆ ಜೋಡಿಸುವಂಥವು. ಇಂದಿನ ಯಂತ್ರಗಳಲ್ಲಿ ಆ ಪೋರ್ಟೇ ಇಲ್ಲ. ಇಂತಹ ಕಡೆ ತಯಾರಕರನ್ನೇ ಸಂಪರ್ಕಿಸಿ ಬದಲಿ ಬೀಗವನ್ನೋ ಹೊಸ ಆವೃತ್ತಿಯನ್ನೋ ಕೇಳುವುದು ಸರಿಯಾದ ಮಾರ್ಗ. ಬೀಗ ಮುರಿದ ಪ್ರತಿಗಳು ಕೈಯಿಂದ ಕೈಗೆ ಹರಿದಾಡುವುದು ಗೊತ್ತಿದ್ದ ಸಂಗತಿಯೇ. ಕಾನೂನಿನ ಪ್ರಶ್ನೆ ಹಾಗಿರಲಿ, ವಿಶ್ವವಿದ್ಯಾಲಯದ ಯಂತ್ರಕ್ಕೆ ವೈರಸ್ ತಂದುಕೊಳ್ಳಲು ಅದಕ್ಕಿಂತ ಹತ್ತಿರದ ದಾರಿ ಇನ್ನೊಂದಿಲ್ಲ.

ಮೂರನೆಯದು ಪುಟವಿನ್ಯಾಸದ ಕಡತಗಳಿಗೆ ಸಂಬಂಧಿಸಿದ್ದು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಅದರ ಕಡತಗಳನ್ನು ಇನ್‌ಡಿಸೈನ್ ಸಿ.ಎಸ್.6ರವರೆಗಿನ ಆವೃತ್ತಿಗಳು ತೆರೆಯುತ್ತವೆ, ಈಚಿನವು ತೆರೆಯುವುದಿಲ್ಲ. ಹಾಗಾಗಿ ಪ್ರಬಂಧ ಪೇಜ್‌ಮೇಕರ್ ಕಡತದಲ್ಲಿದ್ದರೆ ಕನ್ನಡ ತಂತ್ರಾಂಶದ ಜೊತೆಗೆ ಪೇಜ್‌ಮೇಕರ್‌ನ ಸಿ.ಡಿ.ಯೂ ಬೇಕಾಗುತ್ತದೆ.

ಇಷ್ಟೆಲ್ಲ ಮಾಡುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳಿತು. ಬೇಕಾಗಿರುವುದು ತಂತ್ರಾಂಶವೋ, ಪಾಠವೋ? ಪಾಠವು ವರ್ಡ್ ಕಡತದಲ್ಲಿದ್ದು ಕೇವಲ ಓದಬೇಕಾಗಿದ್ದರೆ ಫಾಂಟ್ ಒಂದೇ ಸಾಕು. ಹಳೆಯ ಟ್ರೂಟೈಪ್ ಫಾಂಟ್‌ಗಳನ್ನು ಹೊಸ ವಿಂಡೋಸ್ ಸಾಮಾನ್ಯವಾಗಿ ಸ್ವೀಕರಿಸುತ್ತದೆ. ಎಷ್ಟೋ ಸಿ.ಡಿ.ಗಳಲ್ಲಿ ಫಾಂಟ್ ಬಿಡಿಯಾಗಿಯೇ ದೊರೆಯುತ್ತದೆ. ಸ್ಥಾಪಕ ಕಡತದ ಒಳಗೆ ಅದನ್ನು ಅಡಕಗೊಳಿಸಿಟ್ಟಿದ್ದಾಗ ಮಾತ್ರ ಪೂರ್ಣ ಸ್ಥಾಪನೆ ಅನಿವಾರ್ಯ.

4

ತಂತ್ರಾಂಶ ತೆರೆದು ಪಾಠ ಕಣ್ಣಿಗೆ ಕಂಡ ಬಳಿಕ ಅದನ್ನು ಯೂನಿಕೋಡ್‌ಗೆ ಪರಿವರ್ತಿಸುವ ಹಂತ ಬರುತ್ತದೆ. ನುಡಿ, ಬರಹ ತಂತ್ರಾಂಶಗಳ ಈಚಿನ ಆವೃತ್ತಿಗಳಲ್ಲಿ ಪರಿವರ್ತಕಗಳಿವೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದಪದವಾಗಿ ಹುಡುಕಲು ಅನುವು ಮಾಡಿದ ವಚನ ಸಂಚಯ ಯೋಜನೆಯು ಪಾಠ ಯೂನಿಕೋಡ್‌ನಲ್ಲಿದ್ದರೆ ಸಂಶೋಧಕರಿಗೆ ಏನು ಸಾಧ್ಯವಾಗುತ್ತದೆಂಬುದನ್ನು ತೋರಿಸಿದೆ. ಆದರೆ ಗ್ರಂಥಸ್ಥ ಭಾಷೆಗಾಗಿ ರೂಪಿಸಿದ ಪರಿವರ್ತಕಗಳನ್ನು ಕೂಡ್ಲಿಗಿ ಸೀಮೆಯ ಮೌಖಿಕ ಪಾಠಗಳ ಮೇಲೆ ಪ್ರಯೋಗಿಸುವಾಗ ಸಂಪಾದಕನ ಕಣ್ಣು ಬೇಕೇಬೇಕು.

ಹಾಡುಗಾರನು ವ್ಯಂಜನದ ಮೇಲೆ ನಿಂತು ಮುಂದುವರಿಯುವುದನ್ನು ತೋರಿಸಲು ಸಂಗ್ರಾಹಕರು ‘ಬರ್‌ತಾನ’ ಎಂದು ಬರೆಯುವುದುಂಟು. ನಿಲ್ಲದೆ ಹೇಳಿದಾಗ ‘ಬರ್ತಾನ’. ಹಳೆಯ ಕಡತದಲ್ಲಿ ಇವು ಎರಡು ಬೇರೆ ಬೇರೆ ಆಕಾರಗಳ ಸಾಲು, ಗೊಂದಲವಿಲ್ಲ. ಯೂನಿಕೋಡ್‌ನಲ್ಲಿ ಮೊದಲನೆಯದನ್ನು ಉಳಿಸಬೇಕಾದರೆ ರ್ ಮತ್ತು ತ ನಡುವೆ ಕಣ್ಣಿಗೆ ಕಾಣದ, ಅಗಲವಿಲ್ಲದ ಒಂದು ಬೇರ್ಪಡಿಕೆಯ ಸಂಕೇತವನ್ನು ಇಡಬೇಕು. ಪರಿವರ್ತಕ ಅದನ್ನು ಇಡದಿದ್ದರೆ ಎರಡೂ ಒಂದೇ ಆಗುತ್ತವೆ. ಕಥೆಯ ಅರ್ಥಕ್ಕೆ ಇದರಿಂದ ಕುಂದಿಲ್ಲ. ಹಾಡಿನ ಲಯವನ್ನು ಚರ್ಚಿಸಲು ಹೊರಟವರಿಗೆ ಮಾತ್ರ ಆಧಾರವೇ ಕಳೆದುಹೋಗುತ್ತದೆ. ಪರಿವರ್ತಿತ ಪಾಠವನ್ನಷ್ಟೇ ಕಂಡವರಿಗೆ ಹಾಗೊಂದು ವ್ಯತ್ಯಾಸ ಇತ್ತೆಂಬ ಸುಳಿವೂ ಸಿಗದು. ಹಾಡಿನ ಎಳೆತಕ್ಕೆ ಬಳಸುವ ಅವಗ್ರಹ ಚಿಹ್ನೆಯದೂ ಇದೇ ಪಾಡು. ಫಾಂಟಿನಲ್ಲಿ ಅದಿಲ್ಲದಿದ್ದಾಗ ಬೆರಳಚ್ಚುಗಾರರು ರೋಮನ್ ಎಸ್ ಅಕ್ಷರವನ್ನು ಆ ಜಾಗದಲ್ಲಿ ಕೂರಿಸಿದ್ದರೆ, ಪರಿವರ್ತಕವು ಅದನ್ನೂ ಯಾವುದೋ ಕನ್ನಡ ಆಕಾರವೆಂದು ಬಗೆದು ಬದಲಿಸಿಬಿಡಬಹುದು.

ಶಾಸನ ಪಾಠಗಳಲ್ಲಿ ಱ ಮತ್ತು ೞ ಅಕ್ಷರಗಳನ್ನು ಒಂದೊಂದಾಗಿ ತಾಳೆ ನೋಡಬೇಕು. ಈ ಅಕ್ಷರಗಳಿಗಾಗಿ ಬೇರೆ ಫಾಂಟ್‌ನಿಂದ ಆಕಾರವನ್ನು ಎರವಲು ತಂದಿರುವ ಕಡತಗಳಲ್ಲಿ, ಪಾಠವನ್ನು ಒಟ್ಟಾಗಿ ಪರಿವರ್ತಿಸಿದರೆ ಅವು ಬೇರೆ ಅಕ್ಷರಗಳಾಗಿ ಬಿಡುತ್ತವೆ. ಯೂನಿಕೋಡ್ ಪಟ್ಟಿಯಲ್ಲೇ ೞಕ್ಕೆ ‘ಫ’ ಎಂಬರ್ಥದ ತಪ್ಪು ಹೆಸರು ದಾಖಲಾಗಿ ಹಾಗೆಯೇ ಉಳಿದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ನಿಯಮ. ಹೆಸರು ತಪ್ಪಾದರೂ ಅಕ್ಷರ ಸರಿಯಾಗಿಯೇ ಮೂಡುವುದರಿಂದ ಗಾಬರಿಗೆ ಕಾರಣವಿಲ್ಲ.

ಹೀಗಾಗಿ ಪರಿವರ್ತನೆಯಾದ ಮೇಲೂ ಮೂಲ ಕಡತವನ್ನು ಅಳಿಸುವಂತಿಲ್ಲ. ಹೊಸ ಪಾಠ ಒಂದು ಸಂಪಾದನೆ; ಹಳೆಯ ಕಡತ ಅದರ ಹಸ್ತಪ್ರತಿ.

5

ತಂತ್ರಾಂಶದ ಸಿ.ಡಿ.ಗೆ ಪ್ರತಿ ತೆಗೆಯುವುದು ಕೃತಿಸ್ವಾಮ್ಯದ ಉಲ್ಲಂಘನೆಯೇ ಎಂಬ ಶಂಕೆ ಸಹಜ. 1957ರ ಕೃತಿಸ್ವಾಮ್ಯ ಅಧಿನಿಯಮದ 52ನೆಯ ಪ್ರಕರಣದ (1)(ಎಎ) ಉಪಖಂಡವು ಗಣಕ ತಂತ್ರಾಂಶವನ್ನು ನ್ಯಾಯಬದ್ಧವಾಗಿ ಹೊಂದಿದವರು, ಅದನ್ನು ಯಾವ ಉದ್ದೇಶಕ್ಕೆ ಪಡೆದರೋ ಆ ಉದ್ದೇಶದ ಬಳಕೆಗಾಗಿ ಹಾಗೂ ನಾಶದಿಂದ ರಕ್ಷಿಸಿಕೊಳ್ಳಲು ಪ್ರತಿ ಮಾಡಿಕೊಳ್ಳುವುದನ್ನು ಉಲ್ಲಂಘನೆಯೆಂದು ಪರಿಗಣಿಸುವುದಿಲ್ಲ. ವಿಭಾಗವು ಕೊಂಡ ತಂತ್ರಾಂಶಕ್ಕೆ ವಿಭಾಗವೇ ಐ.ಎಸ್.ಓ. ಕಡತ ಮಾಡಿಟ್ಟುಕೊಳ್ಳಬಹುದು, ಅದನ್ನು ಊರಿಗೆಲ್ಲ ಹಂಚಲಾಗದು. ಮೂಲ ಸಿ.ಡಿ., ಕ್ರಮಸಂಖ್ಯೆಯಿರುವ ಡಬ್ಬಿ, ಖರೀದಿಯ ರಸೀದಿ ಇವುಗಳನ್ನು ಉಳಿಸಿಕೊಳ್ಳುವುದು ಈ ಕಾರಣಕ್ಕೂ ಅಗತ್ಯ. ಕ್ರಮಸಂಖ್ಯೆ ಡಬ್ಬಿಯ ಮೇಲಿದ್ದು ಡಬ್ಬಿ ಕಳೆದುಹೋದರೆ ಪಡಿಯಚ್ಚು ಸರಿಯಿದ್ದೂ ಸ್ಥಾಪನೆ ಅರ್ಧಕ್ಕೆ ನಿಲ್ಲುತ್ತದೆ.

ಇಂತಹ ತೊಡಕು ಕನ್ನಡಕ್ಕೆ ಮಾತ್ರ ಬಂದದ್ದಲ್ಲ. ಇಂಗ್ಲೆಂಡಿನಲ್ಲಿ 1086ರ ಡೂಮ್ಸ್‌ಡೇ ಗ್ರಂಥದ ಒಂಬೈನೂರನೆಯ ವರ್ಷದ ನೆನಪಿಗೆ ಬಿ.ಬಿ.ಸಿ. 1986ರಲ್ಲಿ ಜನಜೀವನದ ಬೃಹತ್ ದಾಖಲೆಯನ್ನು ಲೇಸರ್ ತಟ್ಟೆಗಳಲ್ಲಿ ತಂದಿತು. ಹದಿನೈದೇ ವರ್ಷಗಳಲ್ಲಿ ಅದನ್ನು ಓದುವ ಯಂತ್ರಗಳು ಅಪರೂಪವಾದವು; 2002ರ ಸುಮಾರಿಗೆ ಸಂಶೋಧಕರು ಹಳೆಯ ಯಂತ್ರವನ್ನು ಹೊಸ ಯಂತ್ರದೊಳಗೆ ಅನುಕರಿಸಿ ಅದನ್ನು ತೆರೆಯಬೇಕಾಯಿತು. ಮೇಲೆ ವಿವರಿಸಿದ ಯಂತ್ರದೊಳಗಿನ ಯಂತ್ರದ ಉಪಾಯವೂ ಇದೇ ಜಾತಿಯದು.

ಕ್ಷೇತ್ರಕಾರ್ಯದ ಧ್ವನಿಮುದ್ರಣಗಳಿರುವ ಸಿ.ಡಿ.ಗಳಿಗೆ ಈ ಕ್ರಮ ಪೂರ್ತಿಯಾಗಿ ಒದಗುವುದಿಲ್ಲ ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕು. ಕ್ಯಾಸೆಟ್ಟಿನಿಂದ ಹಾಡಿನ ಸಿ.ಡಿ.ಯಾಗಿ, ಅಂದರೆ ಸಾಮಾನ್ಯ ಪ್ಲೇಯರ್‌ನಲ್ಲಿ ನುಡಿಸುವಂತೆ, ವರ್ಗಾಯಿಸಿದ ಧ್ವನಿಯನ್ನು ಐ.ಎಸ್.ಓ. ಕಡತ ಹಿಡಿದಿಡಲಾರದು. ಅಂತಹ ಸಿ.ಡಿ.ಯ ಹಾಡುಗಳನ್ನು ಒಂದೊಂದಾಗಿ ವೇವ್ ಕಡತಗಳಾಗಿ ತೆಗೆಯಬೇಕು, ಸಂಕುಚಿತ ಎಂಪಿ3 ರೂಪದಲ್ಲಲ್ಲ. ಹಾಡುಗಾರರ ಹೆಸರು, ಊರು, ಮುದ್ರಿಸಿದ ದಿನಾಂಕ ಇಂತಹ ಸಿ.ಡಿ.ಯ ಒಳಗೆ ಸಾಮಾನ್ಯವಾಗಿ ಇರುವುದಿಲ್ಲ. ಲಕೋಟೆಯ ಮೇಲೋ ಸಂಗ್ರಾಹಕರ ದಿನಚರಿಯಲ್ಲೋ ಇರುತ್ತವೆ. ಧ್ವನಿಯನ್ನು ತೆಗೆಯುವ ದಿನವೇ ಲಕೋಟೆಯ ಎರಡು ಬದಿಗಳ ಛಾಯಾಚಿತ್ರ ತೆಗೆದು ಅದೇ ಕಡತಕೋಶದಲ್ಲಿ ಇಡತಕ್ಕದ್ದು.